ಕಡೂರು ಸೀಮೆಯಲ್ಲಿ ಸರಳರೇಖೆಯ ಲೆಕ್ಕ: ಕೆಲವು ಅನುಭವದ ಪಾಠಗಳು

ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ: ಈ ಮೂರರ ಲೆಕ್ಕ ನೋಡಿಕೊಡುವುದು ಬಹಳ ವರ್ಷಗಳಿಂದ ನನ್ನ ಕೆಲಸ. ರೈತರು ಬರುತ್ತಾರೆ, ಮಂಡಿಯವರು ಬರುತ್ತಾರೆ, ಪಶು ಆಹಾರ ಮಾಡುವ ಸಣ್ಣ ಘಟಕದವರೂ ಬರುತ್ತಾರೆ. ನನ್ನ ಹತ್ತಿರ ಇರುವ ಸಾಧನ ಎರಡೇ. ಹಳೆಯ ಅಂಕಿಗಳ ನಡುವೆ ಗೆರೆ ಎಳೆದು ಸಂಬಂಧ ನೋಡುವ ರಿಗ್ರೆಷನ್ ಒಂದು. ಇರುವ ಮಿತಿಯೊಳಗೆ ಹೆಚ್ಚು ಲಾಭವನ್ನೋ ಕಡಿಮೆ ಖರ್ಚನ್ನೋ ಹುಡುಕುವ ಲೀನಿಯರ್ ಪ್ರೋಗ್ರಾಮಿಂಗ್ ಇನ್ನೊಂದು. ಇವನ್ನು ಬಳಸುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಮಿತಿ ಕೇಳಿ, ಲಾಭ ಆಮೇಲೆ

ಎಕರೆಗೆ ಎಷ್ಟು ಉಳಿಯಿತು ಎಂದು ಕೇಳಿದರೆ ಯಾರಾದರೂ ಥಟ್ಟನೆ ಹೇಳುತ್ತಾರೆ. ಮಿತಿಗಳನ್ನು ತಾವಾಗಿ ಹೇಳುವುದಿಲ್ಲ, ಏಕೆಂದರೆ ದಿನಾ ಅವುಗಳ ಒಳಗೇ ಬದುಕುತ್ತಿರುತ್ತಾರೆ. ಕೆದಕಿ ಕೇಳಬೇಕು. ಬೋರು ನಿಲ್ಲದೆ ಎಷ್ಟು ತಾಸು ಎತ್ತುತ್ತದೆ? ತ್ರೀ ಫೇಸ್ ಕರೆಂಟ್ ಹಗಲು ಬರುತ್ತದೋ ರಾತ್ರಿಯೋ? ‘ಈರುಳ್ಳಿ ಕೀಳೋ ವಾರ ಎಷ್ಟು ಆಳು ಸಿಗ್ತಾರೆ ಅಣ್ಣಾ?’ ಎಂದು ಕೇಳಿದಾಗ ಬರುವ ಉತ್ತರ ಎಷ್ಟೋ ಸಲ ಇಡೀ ಲೆಕ್ಕವನ್ನೇ ಬದಲಿಸಿಬಿಡುತ್ತದೆ. ಸಮೀಕರಣ ಬಿಡಿಸುವುದಕ್ಕೆ ಕಂಪ್ಯೂಟರಿಗೆ ಕ್ಷಣ ಸಾಕು. ಮಿತಿಗಳ ಪಟ್ಟಿ ಸರಿಯಾಗಿ ಬರೆದುಕೊಳ್ಳುವುದಕ್ಕೇ ನನ್ನ ಸಮಯವೆಲ್ಲ ಹೋಗುತ್ತದೆ. ಹೋಗಬೇಕಾದದ್ದೂ ಅಲ್ಲಿಗೇ.

2. ಯಾವ ಮಿತಿ ಬಿಗಿಯಾಗಿದೆ ಎಂಬುದೇ ನಿಜವಾದ ಉತ್ತರ

ಲೆಕ್ಕಕ್ಕೆ ಸುಲಭವಾಗಲೆಂದು ದುಂಡು ಅಂಕಿ ಇಟ್ಟುಕೊಳ್ಳೋಣ. ಶಿವನಿ ಕಡೆಯ ಒಂದು ಮನೆಗೆ 5 ಎಕರೆ ಇದೆ, ಕೈಯಲ್ಲಿ 1,10,000 ರೂಪಾಯಿ ಇದೆ. ಈರುಳ್ಳಿಗೆ ಎಕರೆಗೆ 40,000 ಖರ್ಚು, ಖರ್ಚು ಕಳೆದು ಉಳಿಯುವುದು 30,000. ರಾಗಿಗೆ 10,000 ಖರ್ಚು, ಉಳಿಯುವುದೂ 10,000. ಬರೀ ರಾಗಿ ಬಿತ್ತಿದರೆ 50,000 ಉಳಿಯುತ್ತದೆ. ಇದ್ದ ದುಡ್ಡನ್ನೆಲ್ಲ ಈರುಳ್ಳಿಗೇ ಹಾಕಿದರೆ 2.75 ಎಕರೆಗೆ ದುಡ್ಡು ಮುಗಿದು 82,500 ಉಳಿಯುತ್ತದೆ, ಮಿಕ್ಕ ನೆಲ ಬೀಳು. 2 ಎಕರೆ ಈರುಳ್ಳಿ, 3 ಎಕರೆ ರಾಗಿ ಹಾಕಿದರೆ 90,000. ಇದೇ ಉತ್ತಮ.

ಹೆಚ್ಚಿನವರು ಇಲ್ಲಿಗೆ ಹಾಳೆ ಮಡಚಿಬಿಡುತ್ತಾರೆ. ಆದರೆ ಮುಖ್ಯವಾದ ಪ್ರಶ್ನೆ ಆಮೇಲಿನದು. ಇನ್ನು 10,000 ರೂಪಾಯಿ ಸಿಕ್ಕಿದರೆ ಲಾಭ ಎಷ್ಟು ಹೆಚ್ಚುತ್ತದೆ? ಸುಮಾರು 6,667. ಇನ್ನೊಂದು ಎಕರೆ ನೆಲ ಸಿಕ್ಕಿದರೆ? 3,333 ಮಾತ್ರ. ಇದನ್ನೇ ಛಾಯಾ ಬೆಲೆ ಎನ್ನುತ್ತಾರೆ. ಪಕ್ಕದ ಹೊಲವನ್ನು ಎಕರೆಗೆ 6,000ಕ್ಕೆ ಗುತ್ತಿಗೆ ಹಿಡಿಯೋಣವೇ ಎಂದು ಆ ಮನೆಯವರು ಕೇಳಿದರೆ ಬೇಡ ಎನ್ನಬೇಕು. ಅದೇ, 10,000 ರೂಪಾಯಿ ಬೆಳೆಸಾಲಕ್ಕೆ ನಾಲ್ಕು ತಿಂಗಳಿಗೆ 800 ರೂಪಾಯಿ ಬಡ್ಡಿ ಎಂದರೂ ಈ ಲೆಕ್ಕದ ಪ್ರಕಾರ ತೆಗೆದುಕೊಳ್ಳಬಹುದು. ನೆಲ ಸಾಲದು ಎಂದು ಕೊರಗುವ ಮನೆಗೆ ನಿಜವಾಗಿ ಸಾಲದಿರುವುದು ಮುಂಗಾರಿನ ಕೈಗಾಸು.

ರಷ್ಯಾದ ಕಾಂಟೊರೊವಿಚ್ 1939ರಲ್ಲಿ ಪ್ಲೈವುಡ್ ಕಾರ್ಖಾನೆಯ ಯಂತ್ರಗಳಿಗೆ ಕೆಲಸ ಹಂಚುವ ಸಮಸ್ಯೆಯಿಂದ ಇಂಥದೇ ವಿಚಾರಕ್ಕೆ ಬಂದರು. 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಅಮೆರಿಕದ ಡಾಂಟ್ಸಿಗ್ 1947ರಲ್ಲಿ ಸಿಂಪ್ಲೆಕ್ಸ್ ವಿಧಾನ ಕೊಟ್ಟ ಮೇಲೆ ದೊಡ್ಡ ಲೆಕ್ಕಗಳೂ ಕೈಗೆಟುಕಿದವು.

3. ಬೆಲೆ ಕರಾರುವಾಕ್ಕಾಗಿ ಗೊತ್ತಿರಬೇಕಿಲ್ಲ

‘ಈರುಳ್ಳಿ ರೇಟು ಯಾರು ಕಂಡಿದ್ದಾರೆ ಸಾರ್, ಇದೆಲ್ಲ ಸುಮ್ನೆ’ ಎಂಬ ಮಾತು ಪ್ರತಿ ಹಂಗಾಮಿನಲ್ಲೂ ಕೇಳುತ್ತೇನೆ. ಮೇಲಿನ ಲೆಕ್ಕವನ್ನೇ ತಿರುಗಿಸಿ ನೋಡಿ. ಈರುಳ್ಳಿಯಲ್ಲಿ ಎಕರೆಗೆ ಉಳಿಯುವುದು 10,000ದಿಂದ 40,000ದ ನಡುವೆ ಎಲ್ಲಿದ್ದರೂ 2 ಎಕರೆ, 3 ಎಕರೆ ಎಂಬ ಹಂಚಿಕೆಯೇ ಉತ್ತಮ. 10,000ಕ್ಕಿಂತ ಕೆಳಗಿಳಿದರೆ ಪೂರ್ತಿ ರಾಗಿ. 40,000 ದಾಟಿದರೆ ಮಾತ್ರ ದುಡ್ಡೆಲ್ಲ ಈರುಳ್ಳಿಗೆ. ಹಾಗಾಗಿ ರೈತರು ಊಹಿಸಬೇಕಾದದ್ದು ಒಂದು ಅಂಕಿಯನ್ನಲ್ಲ, ಎಕರೆಯ ಉಳಿಕೆ ಈ ಅಂತರದೊಳಗೆ ಇರುತ್ತದೆಯೇ ಎಂಬುದನ್ನು. ಇಪ್ಪತ್ತು ವರ್ಷ ಈರುಳ್ಳಿ ಬೆಳೆದವರು ಅಷ್ಟನ್ನು ಹೇಳಬಲ್ಲರು. ಆದರೆ ಬೆಲೆ ನೆಲಕಚ್ಚಿದ ವರ್ಷ ಈರುಳ್ಳಿ ಹಾಕಿದ ದುಡ್ಡನ್ನೂ ನುಂಗುತ್ತದೆ. ಅದಕ್ಕೇ ನಾನು ಊಟದ ರಾಗಿಗೆ ಬೇಕಾದಷ್ಟು ನೆಲವನ್ನು ಲೆಕ್ಕ ಶುರುವಾಗುವ ಮೊದಲೇ ಒಂದು ಮಿತಿಯಾಗಿ ಬರೆಯುತ್ತೇನೆ. ಯಾರು ಒತ್ತಾಯಿಸಿದರೂ ಅದನ್ನು ಅಳಿಸುವುದಿಲ್ಲ.

4. ಬರೆಯದೆ ಬಿಟ್ಟ ಮಿತಿ ಕೊಲ್ಲುತ್ತದೆ

ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇರುವ ಅಜ್ಜಂಪುರದ ಸುತ್ತ ದನದ ಮೇವಿನ ಮಾತು ಇಲ್ಲದ ಮನೆ ಕಡಿಮೆ. ಮೆಕ್ಕೆಜೋಳ, ಬೂಸಾ, ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ ಬೆರೆಸಿ, ಬೇಕಾದಷ್ಟು ಪ್ರೋಟೀನ್ ಇರುವ ಅಗ್ಗದ ಮಿಶ್ರಣ ಹುಡುಕುವುದು ಲೀನಿಯರ್ ಪ್ರೋಗ್ರಾಮಿಂಗ್‌ನ ಹಳೆಯ ಕೆಲಸ. 1945ರಲ್ಲಿ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞ 77 ಆಹಾರ ಪದಾರ್ಥಗಳನ್ನು ಇಟ್ಟುಕೊಂಡು ಮನುಷ್ಯರಿಗೇ ಇಂಥ ಲೆಕ್ಕ ಮಾಡಿದ್ದರು. ವರ್ಷಕ್ಕೆ 40 ಡಾಲರಿಗೂ ಕಡಿಮೆ ಖರ್ಚು ಬಂತು. ಆದರೆ ಆ ಗೋಧಿಹಿಟ್ಟು, ಎಲೆಕೋಸು, ಒಣ ಕಾಳಿನ ಊಟವನ್ನು ವರ್ಷವಿಡೀ ಯಾರೂ ಉಣ್ಣಲಾರರು. ರುಚಿ ಎಂಬ ಮಿತಿ ಅದರಲ್ಲಿ ಇರಲಿಲ್ಲ.

ದನದ ಮೇವಿನಲ್ಲಿ ಇದು ಇನ್ನೂ ಗಂಭೀರ. ಯೂರಿಯಾದಲ್ಲಿ ಶೇ. 46 ಸಾರಜನಕ. ಪ್ರೋಟೀನ್ ಲೆಕ್ಕದ ಸೂತ್ರದಲ್ಲಿ ಅದನ್ನು 6.25ರಿಂದ ಗುಣಿಸಿದರೆ 100 ಕೆಜಿ ಯೂರಿಯಾ 287 ಕೆಜಿ ಪ್ರೋಟೀನಿಗೆ ಸಮ ಎಂದು ಬರುತ್ತದೆ. ಬೆಲೆಯೂ ಹಿಂಡಿಗಿಂತ ಕಡಿಮೆ. ಯೂರಿಯಾವನ್ನು ಪಟ್ಟಿಯಲ್ಲಿಟ್ಟು ಮೇಲ್ಮಿತಿ ಬರೆಯದಿದ್ದರೆ ಕಂಪ್ಯೂಟರ್ ಹಿಂಡಿಯನ್ನು ತಳ್ಳಿ ಅದನ್ನೇ ಸುರಿಯುತ್ತದೆ. ಅಷ್ಟು ತಿಂದ ಹಸು ಅಮೋನಿಯಾ ವಿಷವೇರಿ ಸಾಯುತ್ತದೆ. ಹಿಂಡಿ ಮಿಶ್ರಣದಲ್ಲಿ ಯೂರಿಯಾ ಶೇ. 1 ದಾಟಕೂಡದು, ಎಳೆಗರುವಿಗೆ ಕೊಡಲೇಕೂಡದು. ಈ ಎರಡು ಸಾಲು ಲೆಕ್ಕದ ಹಾಳೆಯಲ್ಲಿ ಇರಲೇಬೇಕು. ಪಶುವೈದ್ಯರ ಕಣ್ಣಿಗೆ ಬೀಳದ ಯಾವ ಮಿಶ್ರಣವನ್ನೂ ನಾನು ಘಟಕಕ್ಕೆ ಕೊಡುವುದಿಲ್ಲ.

5. ಗೆರೆಯಿಂದ ದೂರ ನಿಂತ ಚುಕ್ಕೆಯನ್ನು ಮಾತಾಡಿಸಿ

ತರೀಕೆರೆ ಕಡೆ ಚೇಣಿ (ತೋಟದ ಫಸಲಿನ ಗುತ್ತಿಗೆ) ಹಿಡಿಯುವವರ ಲೆಕ್ಕ ಹೀಗೆ: ಒಂದು ಕ್ವಿಂಟಲ್ ಹಸಿ ಅಡಿಕೆಗೆ ಸುಮಾರು 12–13 ಕೆಜಿ ಒಣ ಅಡಿಕೆ. ತೋಟವಾರು ಹಸಿ ತೂಕ ಅಡ್ಡಕ್ಕೆ, ಒಣ ತೂಕ ಉದ್ದಕ್ಕೆ ಇಟ್ಟು ಚುಕ್ಕೆ ಹಾಕಿದರೆ ಚೆಂದದ ಗೆರೆ ಬರುತ್ತದೆ. ಗೆರೆ ಎಲ್ಲರಿಗೂ ಗೊತ್ತಿದ್ದದ್ದನ್ನೇ ಹೇಳುತ್ತದೆ. ಹೊಸದನ್ನು ಹೇಳುವುದು ಅದರಿಂದ ಕೆಳಗೆ ಬಿದ್ದ ಚುಕ್ಕೆ. ಆ ತೋಟದಲ್ಲಿ ಕಾಯಿ ಎಳೆಯದಾಗಿದ್ದಾಗಲೇ ಕೊಯ್ದರೇ? ಬೇಯಿಸಿದ ಮೇಲೆ ಮಳೆ ಹಿಡಿದು ಒಣಗಿಸುವುದು ತಪ್ಪಿತೇ? ತೂಕದಲ್ಲೇ ವ್ಯತ್ಯಾಸವೇ? ಆ ಚುಕ್ಕೆಯನ್ನು ಅಳಿಸಿ ಗೆರೆಯನ್ನು ಅಂದಗೊಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

6. ಕಾಲದ ಅಂತರ ಮರೆತರೆ ತೆಂಗಿನ ಲೆಕ್ಕ ಕೈಕೊಡುತ್ತದೆ

ಈ ವರ್ಷದ ಮಳೆಗೂ ಈ ವರ್ಷದ ಕಾಯಿಗೂ ಗೆರೆ ಎಳೆದರೆ ಸಂಬಂಧವೇ ಕಾಣದೆ ಹೋಗಬಹುದು. ತೆಂಗಿನ ಹೊಂಬಾಳೆ ಮರದೊಳಗೆ ಮೂಡುವುದರಿಂದ ಹಿಡಿದು ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು ಹಿಡಿಯುತ್ತದೆ. ಕಡೂರಿನ ಬಯಲಲ್ಲಿ ಬಿದ್ದ ಬರ ಮುಂದಿನ ಎರಡು–ಮೂರು ವರ್ಷ ಗೊನೆಯಲ್ಲಿ ಕಾಣಿಸುತ್ತದೆ. ಹಿಂದಿನ ವರ್ಷಗಳ ಮಳೆಯನ್ನೂ ಲೆಕ್ಕಕ್ಕೆ ಸೇರಿಸಿ. ಈರುಳ್ಳಿಗೆ ಎಚ್ಚರ ಬೇರೆ: ಮಳೆ ಹೆಚ್ಚಿದಂತೆ ಫಸಲು ಒಂದು ಮಟ್ಟದವರೆಗೆ ಏರಿ, ಆಮೇಲೆ ಗಡ್ಡೆ ಕೊಳೆತು ಇಳಿಯುತ್ತದೆ. ಅಂಕಿ ಇರುವ ವ್ಯಾಪ್ತಿಯ ಆಚೆಗೆ ಗೆರೆಯನ್ನು ಎಳೆಯಬೇಡಿ.

7. ಮುಕ್ಕಾಲು ಲಾರಿ ಎಂಬುದಿಲ್ಲ

ಉತ್ತರ 3.4 ಲಾರಿ ಎಂದು ಬಂದರೆ ಸುಮ್ಮನೆ 3 ಎಂದು ಬರೆದುಬಿಡಬೇಡಿ. ಯಾವುದೋ ಮಿತಿ ಮುರಿಯಬಹುದು. ಪೂರ್ಣಾಂಕವೇ ಬೇಕೆಂದು ಲೆಕ್ಕ ಬಿಡಿಸುವ ಸಾಲ್ವರ್ ತಂತ್ರಾಂಶಕ್ಕೆ ಹೇಳಿ.

ಕೊನೆಗೆ, ನಮ್ಮ ಮೂರೂ ತಾಲ್ಲೂಕಿನ ಬಿ.ಕಾಂ., ಬಿ.ಎಸ್ಸಿ. ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಲೀನಿಯರ್ ಮಾದರಿಗಳ ಬಗ್ಗೆ ಜಗತ್ತೇ ಓದಿದ ಪುಸ್ತಕ ಬರೆದ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮದೇ ರಾಜ್ಯದ ಹೂವಿನಹಡಗಲಿಯಲ್ಲಿ. ಪರೀಕ್ಷೆಗೆಂದು ಕುರ್ಚಿ–ಮೇಜಿನ ಲೆಕ್ಕ ಬಿಡಿಸಿದ ಮೇಲೆ, ಈ ಮುಂಗಾರಿಗೆ ನಿಮ್ಮ ಮನೆಯ ಹೊಲದ್ದೇ ಒಂದು ಲೆಕ್ಕ ಮಾಡಿ ನೋಡಿ. ನೆಲ, ನೀರು, ಆಳು, ದುಡ್ಡು, ನಾಲ್ಕೂ ಮಿತಿಗಳನ್ನು ಅಪ್ಪ–ಅಮ್ಮನನ್ನೇ ಕೇಳಿ ಬರೆದುಕೊಳ್ಳಿ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಸಾಲ್ವರ್ ಉಚಿತವಾಗಿಯೇ ಸಿಗುತ್ತದೆ.