ನಮ್ಮ ಓಣಿಯ ಕಿರಾಣಿ ಅಂಗಡಿ

ಮಕ್ಕಳೇ, ನಿಮ್ಮ ಓಣಿಯಲ್ಲಿ ಒಂದು ಕಿರಾಣಿ ಅಂಗಡಿ ಇದೆಯಲ್ಲವೇ? ಚಹದ ಪಾತ್ರೆ ಒಲೆಯ ಮೇಲೆ ಏರಿದ ಮೇಲೆ ಅವ್ವನಿಗೆ ಸಕ್ಕರೆ ಮುಗಿದದ್ದು ನೆನಪಾಗುತ್ತದೆ. ಆಗ ಅವಳು ಯಾರನ್ನು ಓಡಿಸುತ್ತಾಳೆ? ನಿಮ್ಮನ್ನೇ! ನೀರು ಕುದಿಯುವಷ್ಟರಲ್ಲಿ ನೀವು ಅಂಗಡಿಗೆ ಹೋಗಿ ಬಂದಿರುತ್ತೀರಿ. ದಿನವೂ ನೋಡುವ ಅಂಗಡಿ ಇದು. ಇಂದು ಅದನ್ನು ಸ್ವಲ್ಪ ನಿಂತು ನೋಡೋಣ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಓಣಿಗಳಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಮಾತನಾಡುವವರು ಅಕ್ಕಪಕ್ಕದಲ್ಲಿ ವಾಸಿಸುತ್ತಾರೆ. ಅಂಗಡಿಗೆ ಎಲ್ಲರೂ ಬರುತ್ತಾರೆ. ಒಬ್ಬರು ‘ಅರಿಷಿಣ’ ಕೇಳುತ್ತಾರೆ, ಒಬ್ಬರು ‘ಹಳದ’, ಒಬ್ಬರು ‘ಪಸುಪು’, ಇನ್ನೊಬ್ಬರು ‘ಹಲ್ದಿ’. ಅಂಗಡಿಯವರು ಎಲ್ಲರಿಗೂ ಒಂದೇ ಡಬ್ಬಿಯಿಂದ ತೆಗೆದು ಕೊಡುತ್ತಾರೆ. ಕನ್ನಡದವರೂ ತೆಲುಗಿನವರೂ ‘ಉಪ್ಪು’ ಎಂದೇ ಕೇಳುತ್ತಾರೆ. ಮರಾಠಿಯವರು ಅದಕ್ಕೆ ‘ಮೀಠ’ ಎನ್ನುತ್ತಾರೆ. ಶಾಲೆಗೆ ಹೆಚ್ಚು ಹೋಗದ ಅಂಗಡಿಯವರೂ ಮೂರು ನಾಲ್ಕು ಭಾಷೆಗಳಲ್ಲಿ ಲೆಕ್ಕ ಹೇಳುವುದನ್ನು ನೀವು ಕೇಳಿರಬಹುದು.

ಅಂಗಡಿಯ ಸಾಮಾನುಗಳು ಎಲ್ಲಿಂದ ಬರುತ್ತವೆ? ಜೋಳ ಮಂಗಳವೇಢೆಯ ಕಡೆಯದು ಇರಬಹುದು. ಆ ಊರಿನ ಮಾಲದಂಡಿ ಜೋಳಕ್ಕೆ ದೊಡ್ಡ ಹೆಸರಿದೆ. ಸಕ್ಕರೆ ನಮ್ಮ ಜಿಲ್ಲೆಯ ಕಾರ್ಖಾನೆಗಳದೇ ಆಗಿರಬಹುದು. ಬೆಲ್ಲಕ್ಕೆ ಕೊಲ್ಹಾಪುರ, ಅರಿಷಿಣಕ್ಕೆ ಸಾಂಗಲಿ ಪ್ರಸಿದ್ಧ. ಉಪ್ಪು ಬಹಳ ಮಟ್ಟಿಗೆ ಗುಜರಾತಿನ ಕಡಲ ದಂಡೆಯಿಂದ ಬರುತ್ತದೆ. ಕಡ್ಡಿಪೆಟ್ಟಿಗೆಯನ್ನು ತಿರುಗಿಸಿ ನೋಡಿರಿ, ತಮಿಳುನಾಡಿನ ಶಿವಕಾಶಿಯ ಹೆಸರು ಇದ್ದರೂ ಇರಬಹುದು. ಚಹಾ ಪುಡಿಯಂತೂ ಆಸಾಮದಷ್ಟು ದೂರದಿಂದ ಬಂದಿರುತ್ತದೆ. ಹತ್ತು ಅಡಿ ಅಗಲದ ಅಂಗಡಿಯಲ್ಲಿ ಇಷ್ಟು ಊರುಗಳು!

ಈಗ ತಕ್ಕಡಿಯ ಕಡೆಗೆ ನೋಡೋಣ. ನಿಮ್ಮ ಮುತ್ತಜ್ಜನ ಕಾಲದಲ್ಲಿ ಕಿಲೋಗ್ರಾಮ್ ಇರಲಿಲ್ಲ. ತೊಲ, ಛಟಾಕ, ಸೇರು, ಮಣ ಎಂಬ ತೂಕಗಳಿದ್ದವು. 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ. ತೊಂದರೆ ಏನೆಂದರೆ, ಎಲ್ಲ ಊರಿನ ಸೇರೂ ಒಂದೇ ಆಗಿರಲಿಲ್ಲ. ಒಂದು ಪೇಟೆಯ ಸೇರು ದೊಡ್ಡದು, ಮತ್ತೊಂದು ಪೇಟೆಯದು ಸಣ್ಣದು. ಇದರಿಂದ ರೈತರಿಗೂ ಗಿರಾಕಿಗಳಿಗೂ ಮೋಸವಾಗುತ್ತಿತ್ತು. ಆದ್ದರಿಂದ ದೇಶಕ್ಕೆಲ್ಲ ಒಂದೇ ತೂಕ ಇರಬೇಕೆಂದು 1956ರಲ್ಲಿ ಕಾನೂನು ಮಾಡಿದರು. 1958ರ ಅಕ್ಟೋಬರಿನಿಂದ ಕಿಲೋಗ್ರಾಮ್ ಹಂತ ಹಂತವಾಗಿ ಬಳಕೆಗೆ ಬಂದಿತು. ಸೇರು ಹೋಯಿತು, ಆದರೆ ‘ಪಾವ’ ಎಂಬ ಮಾತು ಉಳಿಯಿತು. ಪಾವ ಎಂದರೆ ಕಾಲು ಭಾಗ. ಇಂದಿಗೂ ನಾವು 250 ಗ್ರಾಮಿಗೆ ‘ಪಾವ ಕಿಲೋ’ ಎನ್ನುತ್ತೇವೆ.

ನಾಣ್ಯಗಳ ಕಥೆಯೂ ಹೀಗೆಯೇ. ಮೊದಲು ರೂಪಾಯಿಗೆ 16 ಆಣೆ ಇದ್ದವು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯಿತು. 25 ಪೈಸೆಯ ನಾಣ್ಯ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಆದರೂ ನಿಮ್ಮ ಅಜ್ಜಿ ಅದನ್ನು ‘ಚಾರಾಣೆ’ ಎಂದು ಕರೆದು ಡಬ್ಬಿಯಲ್ಲಿ ಇಟ್ಟಿರಬಹುದು, ಕೇಳಿ ನೋಡಿರಿ. ಈಗ ಎಷ್ಟೋ ಅಂಗಡಿಗಳಲ್ಲಿ ಮೊಬೈಲಿನಿಂದಲೇ ಹಣ ಕೊಡುತ್ತಾರೆ. ಅದಕ್ಕೆ ಬೇಕಾದ ಯು.ಪಿ.ಐ. ವ್ಯವಸ್ಥೆ 2016ರಲ್ಲಿ ಬಂದಿತು. ಚಿಲ್ಲರೆ ಇಲ್ಲವೆಂದು ಚಾಕಲೇಟು ಕೈಗೆ ಹಾಕುವುದು ಮಾತ್ರ ಇನ್ನೂ ನಿಂತಿಲ್ಲ. ಚಾಕಲೇಟು ಸಿಹಿಯೇ ಸರಿ! ಆದರೆ ಅದು ನಿಮ್ಮ ಅವ್ವನ ರೂಪಾಯಿ. ಚಿಲ್ಲರೆಯೇ ಬೇಕೆಂದು ಮರ್ಯಾದೆಯಿಂದ ಕೇಳಬಹುದು.

ಇನ್ನು ಅಂಗಡಿಯ ಒಳಗಿನ ಮಾತು. ಗಲ್ಲೆಯ ಮೇಲೆ ಒಂದು ಫಲಕ ತೂಗುತ್ತಿರುತ್ತದೆ: ‘ಇಂದು ನಗದು, ನಾಳೆ ಉದ್ರಿ’. ನಾಳೆ ಹೋದರೂ ಫಲಕದಲ್ಲಿ ಅದೇ ಬರೆದಿರುತ್ತದೆ! ಆದರೆ ಅದೇ ಫಲಕದ ಕೆಳಗೆ ಒಂದು ಉದ್ದನೆಯ ವಹಿ ಇರುತ್ತದೆ. ಈ ಮಾತುಕತೆ ಕೇಳಿರಿ.

“ಕಾಕಾ, ಅರ್ಧ ಕಿಲೋ ಸಕ್ಕರಿ, ಪಾವ ಕಿಲೋ ಶೇಂಗಾ ಕೊಡ್ರಿ. ಅವ್ವ ರೊಕ್ಕ ಶನಿವಾರ ಕೊಡ್ತಾಳಂತ.”

“ಆತು ತಂಗಿ. ನಿಮ್ಮ ಅಜ್ಜಿ ಜ್ವರ ಇಳೀತೇನು?”

“ಇನ್ನೂ ಇಳಿದಿಲ್ರಿ.”

“ಹಂಗಾರ ಈ ಶುಂಠಿ ಒಯ್ಯಿ, ಚಹದಾಗ ಹಾಕಿ ಕೊಡು. ಇದನ್ನ ಬರಿಯಾಂಗಿಲ್ಲ.”

ಕಾಕಾ ವಹಿ ತೆರೆದು ಸಕ್ಕರೆ, ಶೇಂಗಾ ಎರಡನ್ನೇ ಬರೆದುಕೊಂಡರು. ಬೀಡಿ ಕಟ್ಟುವವರು, ಮಗ್ಗದಲ್ಲಿ ದುಡಿಯುವವರು, ಹೊಲದ ಕೂಲಿಯವರು ಇಂಥವರಿಗೆ ಅನೇಕ ಕಡೆ ಪಗಾರ ವಾರಕ್ಕೊಮ್ಮೆ ಸಿಗುತ್ತದೆ. ಹಸಿವು ಮಾತ್ರ ದಿನವೂ ಆಗುತ್ತದೆ. ಪಗಾರದ ದಿನದವರೆಗೆ ಒಲೆ ಉರಿಯುವುದು ಈ ವಹಿಯ ಮೇಲೆ. 1972ರಲ್ಲಿ ಮಹಾರಾಷ್ಟ್ರದಲ್ಲಿ ದೊಡ್ಡ ಬರ ಬಿದ್ದಿತು. ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿಯೂ ಬೆಳೆ ಒಣಗಿತು. ರೈತರು ರಸ್ತೆ, ಕೆರೆಗಳ ಕೆಲಸಕ್ಕೆ ಹೋಗಿ ಕಲ್ಲು ಒಡೆದರು. ಆ ಕೂಲಿ ಕೈಗೆ ಬರುವವರೆಗೆ ಮನೆ ಹೇಗೆ ನಡೆಯಿತು, ಉದ್ರಿ ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ಮನೆಯ ಹಿರಿಯರನ್ನು ಕೇಳಿರಿ.

ಆದರೆ ಅಂಗಡಿಯವರ ಕಡೆಯಿಂದಲೂ ನೋಡಬೇಕು. ಅವರೂ ಪೇಟೆಯ ದೊಡ್ಡ ವ್ಯಾಪಾರಿಯಿಂದ ಮಾಲು ತಂದಿರುತ್ತಾರೆ. ಅವರಿಗೆ ವಾಯಿದೆಯ ದಿನ ಹಣ ಕೊಡಲೇಬೇಕು. ಹತ್ತು ಮನೆಯವರು ಉದ್ರಿ ತೀರಿಸದೆ ಬೇರೆ ಅಂಗಡಿಗೆ ಹೋದರೆ ಸಣ್ಣ ಅಂಗಡಿ ಮುಚ್ಚಿಯೇ ಹೋಗಬಹುದು. ಉದ್ರಿ ಬಾಕಿ ಇಟ್ಟು ಅಂಗಡಿಯ ಮುಂದಿನಿಂದ ತಲೆ ತಗ್ಗಿಸಿ ಹೋಗುವವರೂ ಓಣಿಯಲ್ಲಿ ಇರುತ್ತಾರೆ. ಹಾಗೆಯೇ, ಉದ್ರಿ ಗಿರಾಕಿ ಎಂದು ಹೆಚ್ಚು ಬೆಲೆ ಬರೆಯುವ ಅಂಗಡಿಯವರೂ ಇಲ್ಲದಿಲ್ಲ. ಅದಕ್ಕೇ ಜಾಣರು ಮನೆಯಲ್ಲಿ ಒಂದು ಸಣ್ಣ ವಹಿ ಇಟ್ಟು, ಅಂದಂದಿನದನ್ನು ತಾವೂ ಬರೆದುಕೊಳ್ಳುತ್ತಾರೆ. ನಿಮಗೆ ಬರೆಯಲು ಬರುತ್ತದೆ. ಈ ಕೆಲಸ ನೀವೇ ಮಾಡಬಹುದು.

ಒಂದು ಲೆಕ್ಕ ಮಾಡೋಣ. ಸಾಬೂನು ಪುಡಿಯ ಒಂದು ಕಿಲೋ ಚೀಲಕ್ಕೆ 60 ರೂಪಾಯಿ, 100 ಗ್ರಾಮಿನ ಪೊಟ್ಟಣಕ್ಕೆ 8 ರೂಪಾಯಿ ಎಂದು ತಿಳಿಯಿರಿ. ಹತ್ತು ಪೊಟ್ಟಣ ಕೊಂಡರೆ ಒಂದು ಕಿಲೋ ಆಗುತ್ತದೆ, ಬೆಲೆ 80 ರೂಪಾಯಿ ಆಗುತ್ತದೆ. 60 ರೂಪಾಯಿ ಒಮ್ಮೆಗೇ ಕೈಯಲ್ಲಿ ಇಲ್ಲದವರು ಸಣ್ಣ ಪೊಟ್ಟಣ ಕೊಳ್ಳುತ್ತಾರೆ. ಅಂದರೆ ಹಣ ಕಡಿಮೆ ಇದ್ದವರೇ ಹೆಚ್ಚು ಬೆಲೆ ಕೊಟ್ಟಂತಾಯಿತು! ಓಣಿಯ ಅಂಗಡಿಯವರು ಬೇಳೆಯನ್ನೋ ಬೆಲ್ಲವನ್ನೋ ಚೀಲ ಬಿಚ್ಚಿ, ಕಿಲೋದ ದರದಲ್ಲಿಯೇ ನೂರು ಗ್ರಾಮ್ ತೂಗಿ ಕೊಟ್ಟರೆ ಎಂಥ ಉಪಕಾರವೆಂದು ಈಗ ತಿಳಿಯಿತೇ? ದೊಡ್ಡ ಮಳಿಗೆಗಳಲ್ಲಿ ಕೆಲವು ಸಾಮಾನು ಅಗ್ಗವಾಗಿ ಸಿಗುತ್ತವೆ ನಿಜ. ಆದರೆ ಅಲ್ಲಿಗೆ ಹೋಗಲು ರಿಕ್ಷಾದ ಹಣ ಬೇಕು. ‘ಶನಿವಾರ ಕೊಡ್ತೀವ್ರಿ’ ಎಂದರೆ ಅಲ್ಲಿ ನಡೆಯುವುದಿಲ್ಲ.

2020ರ ಮಾರ್ಚ್ 25ರಿಂದ ಕೊರೋನಾ ರೋಗದ ಕಾರಣ ದೇಶವೆಲ್ಲ ಬಂದ್ ಆಯಿತು. ಶಾಲೆ, ಬಸ್ಸು, ಕಾರ್ಖಾನೆ ಎಲ್ಲವೂ ನಿಂತವು. ಕಿರಾಣಿ ಅಂಗಡಿಗಳಿಗೆ ಮಾತ್ರ ತೆರೆಯಲು ಅನುಮತಿ ಇತ್ತು. ಅಂಗಡಿಯ ಮುಂದೆ ಸುಣ್ಣದಿಂದ ದುಂಡಗೆ ಗೆರೆ ಎಳೆದು, ಒಂದೊಂದು ವೃತ್ತದಲ್ಲಿ ಒಬ್ಬೊಬ್ಬರನ್ನು ನಿಲ್ಲಿಸುತ್ತಿದ್ದರು. ರೋಗದ ಭಯ ಅಂಗಡಿಯವರಿಗೂ ಇತ್ತು. ಆದರೂ ಎಷ್ಟೋ ಓಣಿಗಳಲ್ಲಿ ಅವರು ಬಾಗಿಲು ತೆರೆದರು.

ಅಂಗಡಿಗೆ ಹೋದಾಗ ನೀವು ಕಣ್ಣು ತೆರೆದಿರಬೇಕು. ಸಾಮಾನು ಇಡುವ ಮೊದಲು ತೂಕದ ಯಂತ್ರ ಸೊನ್ನೆ ತೋರಿಸುತ್ತಿದೆಯೇ? ಕಬ್ಬಿಣದ ತೂಕದ ಕಲ್ಲುಗಳ ಮೇಲೆ ಸರಕಾರದ ಮುದ್ರೆ ಇದೆಯೇ? ಪೊಟ್ಟಣದ ಮೇಲೆ ‘ಎಮ್.ಆರ್.ಪಿ.’ ಎಂದು ಬೆಲೆ ಇರುತ್ತದೆ. ಎಲ್ಲ ತೆರಿಗೆಗಳೂ ಅದರಲ್ಲಿ ಸೇರಿರುತ್ತವೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ಕಡಿಮೆಗೆ ಕೊಡಬಹುದು. ತಯಾರಾದ ದಿನಾಂಕವನ್ನೂ ಓದಿರಿ. ಮೋಸವಾದರೆ ಮನೆಯವರು 1915 ಎಂಬ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ಹೊರಡುವಾಗ ಬಟ್ಟೆಯ ಚೀಲ ಮರೆಯಬೇಡಿರಿ, 2018ರಲ್ಲಿಯೇ ನಮ್ಮ ರಾಜ್ಯವು ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ.

ಅಭ್ಯಾಸ

1. ‘ಪಾವ ಕಿಲೋ’ ಎಂದರೆ ಎಷ್ಟು ಗ್ರಾಮ್? ಆ ಮಾತು ಹೇಗೆ ಉಳಿದು ಬಂದಿತು?
2. ಕಾಕಾ ಶುಂಠಿಯನ್ನು ವಹಿಯಲ್ಲಿ ಏಕೆ ಬರೆಯಲಿಲ್ಲ?
3. ಉದ್ರಿ ತೀರಿಸದಿದ್ದರೆ ಅಂಗಡಿಯವರಿಗೆ ಏನು ತೊಂದರೆ ಆಗುತ್ತದೆ?

ಉಪಕ್ರಮ: ನಿಮ್ಮ ಓಣಿಯ ಅಂಗಡಿಯಲ್ಲಿ ಬೆಲ್ಲ, ಉಪ್ಪು, ತೊಗರಿಬೇಳೆ ಇವುಗಳಿಗೆ ಬೇರೆ ಬೇರೆ ಗಿರಾಕಿಗಳು ಹೇಳುವ ಹೆಸರುಗಳನ್ನು ಕೇಳಿ, ಬರೆದುಕೊಂಡು ಬನ್ನಿರಿ.