ಬಾಟಲಿ ತಪಾಸಣಾ ಯಂತ್ರದ ದೋಷಶೋಧನೆ

ಗ್ರಾಹಕರಿಂದ ಮರಳಿ ಬಂದ ಗಾಜಿನ ಬಾಟಲಿಗಳಲ್ಲಿ ತಂಪು ಪಾನೀಯವನ್ನು ಪುನಃ ತುಂಬುವ ಕಾರ್ಖಾನೆಗಳಲ್ಲಿ, ಬಾಟಲಿಗಳನ್ನು ಮೊದಲು ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆಯಲಾಗುತ್ತದೆ. ಅನಂತರ ಅವು ಸ್ವಯಂಚಾಲಿತ ತಪಾಸಣಾ ಯಂತ್ರವನ್ನು ಹಾದುಹೋಗುತ್ತವೆ. ನಿಮಿಷಕ್ಕೆ 600 ಬಾಟಲಿಗಳು ಸಾಗುವ ಸಾಲಿನಲ್ಲಿ ಸೆಕೆಂಡಿಗೆ 10 ಬಾಟಲಿಗಳನ್ನು ಪರೀಕ್ಷಿಸಬೇಕು. ಮಾನವನೇತ್ರಕ್ಕೆ ಇದು ಅಸಾಧ್ಯ. ಬಾಯಿ ಒಡೆದ ಬಾಟಲಿಯಾಗಲಿ, ತಳದಲ್ಲುಳಿದ ಗಾಜಿನ ಚೂರಾಗಲಿ, ಸೋಡಾದ ಹನಿಯಾಗಲಿ ಕಣ್ತಪ್ಪಿದರೆ ಕುಡಿಯುವವರಿಗೆ ಅಪಾಯ ತಪ್ಪಿದ್ದಲ್ಲ.

ತಳದ ಪರೀಕ್ಷೆಗಾಗಿ ಬಾಟಲಿಯ ಕೆಳಗೆ ದೀಪವೂ ಮೇಲೆ ಕ್ಯಾಮೆರಾವೂ ಇರುತ್ತವೆ. ಶುದ್ಧವಾದ ತಳವು ಬೆಳಗುತ್ತದೆ; ಕಸವು ಕಪ್ಪು ಕಲೆಯಾಗಿ ತೋರುತ್ತದೆ. ಬಾಟಲಿಯ ಆಗಮನವನ್ನು ದ್ಯುತಿಕೋಶವು ತಿಳಿಸಿದರೆ, ಪಟ್ಟಿಯ ಚಲನೆಯನ್ನು ಎನ್‌ಕೋಡರ್ ಎಣಿಸುತ್ತದೆ. ಆ ಎಣಿಕೆಯ ಆಧಾರದಿಂದ, ಗಾಳಿಯೊತ್ತಡದ ತಳ್ಳುಕೋಲು ದೋಷಯುಕ್ತ ಬಾಟಲಿಯನ್ನು ಹೊರದೂಡುತ್ತದೆ.

ಯಂತ್ರದ ತಪ್ಪು ಎರಡು ಬಗೆಯದು. ಒಳ್ಳೆಯ ಬಾಟಲಿಯನ್ನು ತಿರಸ್ಕರಿಸುವುದು ಒಂದು. ಕೆಟ್ಟುದನ್ನು ಬಿಡುವುದು ಇನ್ನೊಂದು. ಮೊದಲನೆಯದು ರಾಶಿಯಾಗಿ ಕಣ್ಣಿಗೆ ಬೀಳುತ್ತದೆ, ಉತ್ಪಾದನೆಯನ್ನು ಕುಗ್ಗಿಸುತ್ತದೆ. ಎರಡನೆಯದು ಸದ್ದಿಲ್ಲದೆ ಸಾಗುತ್ತದೆ. ರಾಶಿ ಬೆಳೆದೊಡನೆ ಯಂತ್ರದ ಸೂಕ್ಷ್ಮತೆಯನ್ನು ತಗ್ಗಿಸುವುದು ಸುಲಭೋಪಾಯವೆಂದು ತೋರಬಹುದು. ಆದರೆ ಅದು ಮೊದಲ ತಪ್ಪನ್ನು ಅಳಿಸಿ ಎರಡನೆಯದನ್ನು ಆಹ್ವಾನಿಸಿದಂತೆ.

ಆದುದರಿಂದ ದೋಷಶೋಧನೆಗೆ ಒಂದು ಕ್ರಮವುಂಟು. ಮೊದಲು ಕ್ಯಾಮೆರಾದ ಮತ್ತು ದೀಪದ ಗಾಜುಗಳನ್ನು ಒರೆಸಬೇಕು. ತೊಳೆಯುವ ವಿಭಾಗದ ನೀರಹನಿ, ನೊರೆಗಳೇ ಅನೇಕ ಬಾರಿ ಕಾರಣವಾಗಿರುತ್ತವೆ. ಬಳಿಕ ದೀಪದ ಪ್ರಕಾಶ ಕುಂದಿದೆಯೇ, ದ್ಯುತಿಕೋಶ ಸರಿದಿದೆಯೇ ಎಂದು ನೋಡಬೇಕು. ದೋಷವುಳ್ಳ ಬಾಟಲಿಯ ಬದಲಿಗೆ ಅದರ ನೆರೆಯದು ಹೊರಬೀಳುತ್ತಿದ್ದರೆ ತಪ್ಪು ಕ್ಯಾಮೆರಾದ್ದಲ್ಲ. ಎನ್‌ಕೋಡರಿನ ಜಾರುವಿಕೆ, ಗಾಳಿಯೊತ್ತಡದ ಕೊರತೆ ಇಲ್ಲವೇ ತಳ್ಳುಕೋಲಿನ ವಿಳಂಬವನ್ನು ಶೋಧಿಸಬೇಕು. ಸೂಕ್ಷ್ಮತೆಯ ಹೊಂದಾಣಿಕೆ ಕಟ್ಟಕಡೆಯದು.

ಇವೆಲ್ಲಕ್ಕೂ ಒರೆಗಲ್ಲು ಪರೀಕ್ಷಾ ಬಾಟಲಿಗಳು. ಗೊತ್ತಾದ ದೋಷಗಳುಳ್ಳ, ಗುರುತು ಹಾಕಿದ ಈ ಬಾಟಲಿಗಳನ್ನು ಪಾಳಿಯ ಆರಂಭದಲ್ಲಿಯೂ, ನಿಯತ ಅವಧಿಗೊಮ್ಮೆಯೂ, ಪ್ರತಿಯೊಂದು ದುರಸ್ತಿಯ ನಂತರವೂ ಸಾಲಿನಲ್ಲಿ ಹಾಯಿಸಬೇಕು. ಒಂದೇ ಒಂದು ತಿರಸ್ಕೃತವಾಗದೆ ಹೋದರೂ ಸಾಲನ್ನು ನಿಲ್ಲಿಸಬೇಕು. ಹಿಂದಿನ ಯಶಸ್ವೀ ಪರೀಕ್ಷೆಯಿಂದೀಚೆಗೆ ತುಂಬಿದ ಸರಕನ್ನೆಲ್ಲ ತಡೆಹಿಡಿದು ಮರುಪರೀಕ್ಷಿಸಬೇಕು. ಫಲಿತಾಂಶವನ್ನು ಸಮಯಸಹಿತ ದಾಖಲಿಸಬೇಕು.

ಯಂತ್ರವು ಬಾಟಲಿಯನ್ನು ಪರೀಕ್ಷಿಸುತ್ತದೆ. ಯಂತ್ರವನ್ನು ಪರೀಕ್ಷಿಸುವವನು ಮನುಷ್ಯನೇ. ಸಾಲು ನಿಂತಾಗ ಆಗುವ ನಷ್ಟವನ್ನು ಲೆಕ್ಕಪುಸ್ತಕ ತೋರಿಸುತ್ತದೆ. ಸಾಲನ್ನು ನಿಲ್ಲಿಸಿದ್ದರಿಂದ ತಪ್ಪಿದ ಅನಾಹುತವು ಯಾವ ಲೆಕ್ಕದಲ್ಲಿಯೂ ಕಾಣುವುದಿಲ್ಲ. ಹಾಗಿದ್ದರೂ ಸಾಲನ್ನು ನಿಲ್ಲಿಸುವವನ ದುಡಿಮೆಯೇ ನಿಜವಾದ ಕಾಯಕ.