ಮರುಭೂಮಿಯ ನದಿಗೆ ಮರಳಿ ನೀರು

ನದಿಯ ನೀರೆಲ್ಲ ಹೊಲಗಳಲ್ಲೇ ಮುಗಿದುಹೋದರೆ ನಷ್ಟವೇನು ಎಂದು ಕೇಳುವ ರೈತರುಂಟು. ನಾವೂ ಹೊಲ ಉಳುವವರೇ. ಆ ಪ್ರಶ್ನೆಯನ್ನು ತಳ್ಳಿಹಾಕಲಾರೆವು. ಚೀನಾ ದೇಶದ ವಾಯವ್ಯ ಭಾಗದಲ್ಲಿರುವ ತಾರಿಮ್ ನದಿಯಲ್ಲಿ ಇದಕ್ಕೆ ಉತ್ತರ ಸಿಗುತ್ತದೆ.

ಈ ನದಿ ಸಮುದ್ರ ಸೇರುವುದಿಲ್ಲ. ಹಿಮದ ಬೆಟ್ಟಗಳ ನೀರನ್ನು ಹೊತ್ತು, ತಕ್ಲಾಮಕಾನ್ ಮರುಭೂಮಿಯ ಅಂಚು ಹಿಡಿದು ಹರಿದು, ತೈತೆಮಾ ಎಂಬ ಸರೋವರದಲ್ಲಿ ಕೊನೆಗಾಣುತ್ತದೆ. ಕೆಳಭಾಗದಲ್ಲಿ ವರ್ಷವಿಡೀ ಬೀಳುವ ಮಳೆ 2 ಅಂಗುಲವೂ ಇಲ್ಲ. ಅಲ್ಲಿನ ಮರಗಿಡಗಳು ನದಿಯಿಂದ ನೆಲಕ್ಕೆ ಇಂಗಿದ ನೀರನ್ನೇ ಬೇರಿನಿಂದ ಹೀರಿ ಬದುಕತಕ್ಕವು. ಅವುಗಳಲ್ಲಿ ಮುಖ್ಯವಾದುದು ಪಾಪ್ಲರ್ ಜಾತಿಯ ಹುಯಾಂಗ್ ಮರ. ಎರಡು ಮರುಭೂಮಿಗಳ ಮರಳು ಒಂದಾಗದಂತೆ ನಡುವೆ ಬೇಲಿಯಾಗಿ ನಿಂತಿರುವುದು ಈ ಮರಗಳ ಸಾಲು.

ಮೇಲುಭಾಗದಲ್ಲಿ ಹತ್ತಿಯ ಸಾಗುವಳಿ ಹೆಚ್ಚಿತು. 1972ರಲ್ಲಿ ದಾಷಿಹಾಯ್ಜಿ ಜಲಾಶಯವಾದ ಮೇಲೆ ಅದರ ಕೆಳಗಿನ ಸುಮಾರು 200 ಮೈಲಿ ಪಾತ್ರ ಬತ್ತಿತು. ಅಂತರ್ಜಲ 25 ಅಡಿಗಿಂತ ಕೆಳಕ್ಕಿಳಿಯಿತು. ಸುಮಾರು 15 ಅಡಿಯೊಳಗೆ ನೀರಿದ್ದರೆ ಹುಯಾಂಗ್ ಸೊಂಪಾಗಿರುತ್ತದೆ. ಅದಕ್ಕಿಂತ ಆಳಕ್ಕೆ ಹೋದಂತೆ ತುದಿಯಿಂದ ಒಣಗುತ್ತ ಬರುತ್ತದೆ.

2000ದ ಮೇ ತಿಂಗಳಿನಿಂದ ಬೋಸ್ತೆನ್ ಸರೋವರದ ನೀರನ್ನು ತಂದು ಈ ಒಣಪಾತ್ರಕ್ಕೆ ಬಿಡತೊಡಗಿದರು. 2001ರ ನವೆಂಬರಿನಲ್ಲಿ ಅದು ತೈತೆಮಾ ಮುಟ್ಟಿತು. ಕೆರೆ ತುಂಬಿದಾಗ ಅದರ ಕೆಳಗಿನ ಬಾವಿಗಳಲ್ಲಿ ನೀರೇರುವುದನ್ನು ವಾಚಕರು ಕಂಡೇ ಇದ್ದಾರೆ; ಇಲ್ಲಿಯೂ ಹಾಗೆಯೇ ಆಯಿತು. ದಡದ ಹತ್ತಿರ ಅಂತರ್ಜಲ ಏರಿ, ಸಾಯುತ್ತಿದ್ದ ಮರಗಳು ಚಿಗುರಿದವು. ಆದರೆ ಪಾತ್ರದಿಂದ ಅರ್ಧ ಮೈಲಿ ದಾಟಿದರೆ ಗುಣ ತೀರ ಕಡಿಮೆ.

ಇನ್ನೊಂದು ತೊಡಕುಂಟು, ನಮ್ಮ ಎಣಿಕೆಯಲ್ಲಿ ಇದೇ ದೊಡ್ಡದು. ಹುಯಾಂಗಿನ ಬೀಜ ಹತ್ತಿಯ ಎಳೆಯಂತೆ ಹಗುರ. ಗಾಳಿಗೆ ಹಾರುವ ಈ ಬೀಜದ ಮೊಳೆಯುವ ಶಕ್ತಿ ಕೆಲವೇ ವಾರಗಳಲ್ಲಿ ಉಡುಗುತ್ತದೆ. ಅಷ್ಟರೊಳಗೆ ನೆರೆ ಇಳಿದು ಬಿಟ್ಟುಹೋದ ಹಸಿ ಮೆಕ್ಕಲಿನ ಮೇಲೆ ಅದು ಬೀಳಬೇಕು. ನೀರು ಪಾತ್ರದಲ್ಲೇ ಹರಿದು ಹೋದರೆ ಮುದಿ ಮರಗಳು ಉಳಿದಾವು, ಸಸಿ ಹುಟ್ಟದು. ಮಕ್ಕಳಿಲ್ಲದ ಊರಿನಂತೆ ಆ ಕಾಡು. ಅದಕ್ಕಾಗಿಯೇ ಮುಂದೆ ತೂಬುಗಳಿಂದ ನೀರನ್ನು ಅಕ್ಕಪಕ್ಕದ ಬಯಲಿಗೂ ಹರಿಯಬಿಟ್ಟರು. ಕೊನೆಯ ಸರೋವರ ತುಂಬಿದ್ದನ್ನೇ ಗೆಲುವೆಂದು ಎಣಿಸುವುದು ನಮಗೆ ಸರಿತೋರದು. ಅಲ್ಲಿ ತೆಳ್ಳಗೆ ಹರಡಿ ನಿಂತ ನೀರಿನ ಬಹುಪಾಲು ಬಿಸಿಲಿಗೆ ಆವಿಯಾಗುತ್ತದೆ.

ಬೀಜ ಉದುರುವುದು ಬೇಸಗೆಯ ನೆರೆಗಾಲದಲ್ಲಿ. ಹತ್ತಿ ನೀರು ಬೇಡುವುದೂ ಆ ಬೇಸಗೆಯಲ್ಲೇ. ಆದಕಾರಣ ಮೇಲಿನ ರೈತನು ಬಿಟ್ಟುಕೊಟ್ಟಷ್ಟೇ ಕೆಳಗಿನ ಮರಕ್ಕೆ ದಕ್ಕುತ್ತದೆ. ಕಾಲುವೆಗೆ ಕಾಂಕ್ರೀಟು ಹಾಕಿಸಿ, ಹನಿ ನೀರಾವರಿ ಮಾಡಿ ನೀರು ಉಳಿಸುವುದಕ್ಕೆ ಬಹಳ ಹಣ ಸುರಿಯಲಾಗಿದೆ. ಹಾಗೆ ಉಳಿದ ನೀರನ್ನು ಹೊಸದಾಗಿ ಒಡೆದ ಭೂಮಿಗೆ ತಿರುಗಿಸಿದರೆ ನದಿಗೆ ಏನೂ ಮಿಗದು. ಸಾಗುವಳಿಗೇ ಮಿತಿ ಹಾಕಬೇಕಾಗುತ್ತದೆ. ಅದನ್ನು ಒಪ್ಪಿಕೊಳ್ಳುವುದು ಯಾವ ದೇಶದ ರೈತನಿಗೂ ಸುಲಭವಲ್ಲ.